ಸೇತುವೆ ನಡುವಿನ ಹೋಟೆಲು

“ಇದು ನಮ್ಮ ಹೋಟೆಲು ರೀ! ನಮ್ಮದೇ!”

ಹಲ್ಲಿನ ಡಾಕ್ಟ್ರು ಪುಸ್ತಕವನ್ನು ಕುಕ್ಕಿದ ರಭಸಕ್ಕೆ ಕಟಿಂಗ್ ಮೇಜಿನ ಮೇಲಿದ್ದ ಗುಂಡಿಗಳೆಲ್ಲ ಎಗರಿಬಿದ್ದವು. ಕೋಟೆಯ ಗೋಡೆ ಹತ್ತುತ್ತಿದ್ದ ನನ್ನ ಕಳ್ಳಿ, ಅಂದರೆ ಒಂದು ಕಪ್ಪು ಗುಂಡಿ, ಉರುಳಿಕೊಂಡು ಹೋಗಿ ಮೇಜಿನ ಕೆಳಗೆ ಸೇರಿದಳು.

“ಬಿದ್ದಿದ್ದು ಲೆಕ್ಕಕ್ಕಿಲ್ಲ,” ಎಂದು ತಕ್ಷಣ ಹೇಳಿದೆ. ಇಂಥ ವಿಷಯದಲ್ಲಿ ಸಂಕೋಚಪಟ್ಟರೆ ಕಳ್ಳಿಯ ಪ್ರಾಣಕ್ಕೇ ಸಂಚಕಾರ.

“ನಿನ್ನ ಕಳ್ಳಿ ಗಟ್ಟಿಗಿತ್ತಿ, ಅಷ್ಟಕ್ಕೆಲ್ಲ ಸಾಯಲ್ಲ ಬಿಡಮ್ಮ. ನಮ್ಮ ಕಥೆ ಕದ್ದೋರು ಯಾರು, ಅದನ್ನ ಹುಡುಕು ಮೊದಲು,” ಎಂದರು ಮಾವ.

ಆಗಿದ್ದು ಇಷ್ಟು. ನಾವು ನಾಲ್ಕು ಜನ ಬಾಗಿಲು ಹಾಕಿಕೊಂಡು ಆಡಿದ ಆಟದ ಒಂದು ತುಣುಕು, ಈ ವಾರ ಅಚ್ಚಾಗಿ ಬಂದ ಕಾದಂಬರಿಯೊಳಗೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿತ್ತು.

ನಾನು ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನವಳು. ಜನ ಬಸ್ಸಿನಲ್ಲಿ ಮರೆತುಹೋದ ಛತ್ರಿ, ಚೀಲ, ಕನ್ನಡಕ, ಒಮ್ಮೊಮ್ಮೆ ಹಲ್ಲಿನ ಸೆಟ್ಟು ಕೂಡ ನನ್ನ ಕಪಾಟು ಸೇರುತ್ತವೆ. ಸಾಮಾನು ನೋಡಿ ಅದರ ಯಜಮಾನ ಎಂಥವನೆಂದು ಹೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಹಾಗಾಗಿ ಈ ಬೀದಿಯಲ್ಲಿ ಏನು ಕಾಣೆಯಾದರೂ ಮೊದಲು ಕೂಗುವುದು “ಅತ್ತಿಗೇ” ಎಂದೇ. ಈ ಅಂಗಡಿಯ ದರ್ಜಿ ನನ್ನ ಗಂಡನ ತಮ್ಮ, ಮಾವ ಅವರಿಬ್ಬರ ಅಪ್ಪ. ಅವನು ಕರೆಯುವುದನ್ನು ಕೇಳಿ ಕೇಳಿ ನಾನು ಊರಿಗೆಲ್ಲ ಅತ್ತಿಗೆ.

ಭಾನುವಾರ ಮಧ್ಯಾಹ್ನ ಮೈದುನನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು ಖಾಲಿಯಾಗುತ್ತದೆ. ಅದರ ಮೇಲೆ ಅವನು ದರ್ಜಿಯ ಸೀಮೆಸುಣ್ಣದಿಂದ ಬೆಟ್ಟ, ನದಿ, ಕೋಟೆ ಬರೆಯುತ್ತಾನೆ. ಅದು ‘ಹೊಗೆಕೋಟೆ’ಯ ಲೋಕ. ಆ ಹೆಸರಿನ ಕಾದಂಬರಿ ಸರಣಿಯನ್ನು ಓದದವರು ಈ ಬೀದಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಆ ಕಥೆಯೊಳಗೆ ನಾವೇ ಇಳಿದು ಆಡುವ ಆಟ ಇದು. ಮೈದುನ ಸೂತ್ರಧಾರ, ಕಥೆ ಹೇಳುವವನು. ಉಳಿದ ಮೂವರು ಒಬ್ಬೊಬ್ಬರೂ ಒಂದು ಪಾತ್ರ. ನಾವೇನು ಮಾಡುತ್ತೇವೆ ಅನ್ನುವುದನ್ನು ನಾವು ಹೇಳುತ್ತೇವೆ, ಅದು ಕೈಗೂಡುತ್ತದೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಇರುವೆಗೂ ದಾರಿ ಬಿಟ್ಟು ನಡೆಯುವ ಡಾಕ್ಟ್ರು ಇಲ್ಲಿ ಕೊಡಲಿ ಹಿಡಿದ ರಾಕ್ಷಸ. ಮಾವ ಮಂತ್ರವಾದಿ, ಅರ್ಧ ಮಂತ್ರ ಹೇಳಿ ಉಳಿದರ್ಧ ಮರೆಯುವವರು. ಕಳೆದದ್ದನ್ನು ಹುಡುಕಿಕೊಡುವ ನಾನು ಕಳ್ಳಿ.

ವಾರವೆಲ್ಲ ಅಪರಿಚಿತರ ಛತ್ರಿಗಳ ಮಧ್ಯೆ ಕೂತು ಕೂತು ಒಣಗಿದ ನನಗೆ ಈ ಒಂದು ಮಧ್ಯಾಹ್ನ ಎಷ್ಟು ಮುಖ್ಯವೆಂದು ಯಾರಿಗೂ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಇನ್ನು ಆ ಹೋಟೆಲು. ಅದು ಹುಟ್ಟಿದ್ದೇ ಒಂದು ತಪ್ಪಿನಿಂದ.

ನಮ್ಮ ಮೇಜಿನಲ್ಲಿ ದೂರ ಅಳೆಯುವುದು ದರ್ಜಿಯ ಟೇಪಿನಲ್ಲಿ. ಒಂದು ಇಂಚಿಗೆ ಒಂದು ಹರದಾರಿ. ಒಮ್ಮೆ ಹೊಗೆಕೋಟೆಯ ಮುಂದಿನ ಸೇತುವೆಯನ್ನು ಮಾವ ಅಳೆದರು. ಜೀವಮಾನವಿಡೀ ಇಂಚಿನಲ್ಲೇ ಅಳೆದ ಹಳೇ ದರ್ಜಿ ಅವರು. ಆದರೆ ಅಂದು ಟೇಪು ಮಗುಚಿ ಬಿದ್ದಿತ್ತು, ಕನ್ನಡಕ ಮನೆಯಲ್ಲಿತ್ತು. ಸೆಂಟಿಮೀಟರಿನ ಬದಿಯನ್ನು ಓದಿ ಹೇಳಿಬಿಟ್ಟರು. ಕಾದಂಬರಿಯಲ್ಲಿ ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ಮೊದಲೇ ದಾಟಿಬಿಡುವ ಸೇತುವೆ, ನಮ್ಮ ಆಟದಲ್ಲಿ ದಿನವಿಡೀ ನಡೆದರೂ ಮುಗಿಯದಷ್ಟು ಉದ್ದವಾಯಿತು.

ಸರಿಪಡಿಸಬಹುದಿತ್ತು. ಆದರೆ ನಮ್ಮ ಮೇಜಿನ ಕಟ್ಟಳೆ ದರ್ಜಿಯ ಕಟ್ಟಳೆ: ಅಳೆದದ್ದು ಅಳೆದದ್ದೇ, ಕತ್ತರಿಸಿದ್ದು ಕತ್ತರಿಸಿದ್ದೇ.

“ದಿನ ಪೂರ್ತಿ ನಡೀಬೇಕು ಅಂದ್ರೆ ಊಟ ಎಲ್ಲಿ?” ಎಂದು ಮಂತ್ರವಾದಿ ಹಟ ಹಿಡಿದರು. “ಹಸ್ಕೊಂಡು ನಾನು ಒಂದು ಹೆಜ್ಜೆ ಇಡಲ್ಲ.” ಹಾಗೆ ಸೇತುವೆಯ ನಟ್ಟನಡುವೆ ಒಂದು ಹೋಟೆಲು ಎದ್ದಿತು. ಅದನ್ನು ನಡೆಸುವವಳು ಗಂಡನನ್ನು ಕಳೆದುಕೊಂಡ ಒಬ್ಬ ರಾಕ್ಷಸಿ. ಊಟ ಬಿಟ್ಟವರನ್ನು ನದಿಗೆ ಎಸೆಯುತ್ತಾಳೆ. ಅಂದು ನಾವು ನಕ್ಕ ನಗುವಿಗೆ ಡಾಕ್ಟ್ರ ಕಣ್ಣಲ್ಲಿ ನೀರು ಬಂದಿತ್ತು.

ಈಗ ಅದೇ ಡಾಕ್ಟ್ರು ಕೆಂಡಾಮಂಡಲ.

“ಅದೇ ಸೇತುವೆ, ಅದೇ ಉದ್ದ, ಅದೇ ರಾಕ್ಷಸಿ. ಏಳನೇ ಸಂಪುಟ, ಹನ್ನೊಂದನೇ ಅಧ್ಯಾಯ. ಇದು ಗೊತ್ತಿದ್ದದ್ದು ನಮಗೆ ನಾಲ್ಕು ಜನಕ್ಕೆ ಮಾತ್ರ. ಅಂದ್ರೆ ಒಂದೋ ನಮ್ಮಲ್ಲೊಬ್ಬರು ಗೂಬೆ, ಇಲ್ಲಾ ನಮ್ಮಲ್ಲೊಬ್ಬರು ಗೂಬೆಗೆ ಹೇಳಿದ್ದಾರೆ!”

ಬೈದದ್ದಲ್ಲ. ‘ಹೊಗೆಕೋಟೆ’ ಬರೆಯುವವರು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮುಖಪುಟದಲ್ಲಿ ಹೆಸರಿರಬೇಕಾದ ಜಾಗದಲ್ಲಿ ಒಂದು ಗೂಬೆಯ ಚಿತ್ರ, ಅಷ್ಟೇ. ಓದುಗರೆಲ್ಲ ಪ್ರೀತಿಯಿಂದ ಗೂಬೆ ಎಂದೇ ಕರೆಯುವುದು.

“ಸುಮ್ನೆ ಯಾರ ಮೇಲೋ ಗೂಬೆ ಕೂರಿಸ್ಬೇಡಿ ಡಾಕ್ಟ್ರೇ,” ಎಂದರು ಮಾವ. “ನಿಮ್ಮದೇನು ಕಮ್ಮಿಯಾ? ಬಂದೋರ ಬಾಯಿ ತೆರೆಸಿ, ಹತ್ತಿ ತುರುಕಿ, ಅವರು ಮಾತಾಡೋ ಹಾಗಿಲ್ಲ, ಏಳೋ ಹಾಗಿಲ್ಲ, ಆಗ ನಮ್ಮ ಆಟದ ಕಥೆಯೆಲ್ಲ ಒದರ್ತೀರಂತೆ. ಗೂಬೆಗೂ ಹಲ್ಲು ನೋಯುತ್ತೆ.”

“ನಾನಾ! ನೀವು ಪಾರ್ಕಿನ ಬೆಂಚಲ್ಲಿ ಹೇಳದ ದಿನ ಇದೆಯಾ?”

“ನಾನು ಹೇಳಿದ್ರೆ ಅರ್ಧ ಹೇಳ್ತೀನಪ್ಪ. ಉಳಿದರ್ಧ ಮರೆತುಹೋಗುತ್ತೆ.”

ಡಾಕ್ಟ್ರು ಮೈದುನನ ಕಡೆ ತಿರುಗಿದರು. ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು ಅವರ ಮುಖದಲ್ಲಿ. “ಮಾಸ್ಟ್ರೇ, ಮೇಜು ನಿಮ್ಮದು, ಕಥೆ ಹೇಳೋರು ನೀವು. ಕೇಳಬಾರದು, ಆದ್ರೂ ಕೇಳ್ತೀನಿ. ಗೂಬೆಗೆ ನಮ್ಮ ಆಟ ಮಾರಿದ್ರಾ?”

ಮೈದುನ ದಾಳಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕತೊಡಗಿದ.

“ಏನೋ ಮಾಡ್ತಿದ್ದೀಯ?”

“ಕಳ್ಳ ಅನ್ನಿಸ್ಕೊಂಡು ಕಥೆ ಹೇಳೋದಕ್ಕಾಗಲ್ಲ ಅತ್ತಿಗೆ. ಇನ್ಮೇಲೆ ಈ ಮೇಜು ಬಟ್ಟೆ ಕತ್ತರಿಸೋದಕ್ಕೆ ಮಾತ್ರ.”

ಅಲ್ಲಿಗೆ ನಮ್ಮ ಭಾನುವಾರ ಮುಗಿದ ಹಾಗೆ. ಕಳ್ಳಿಯ ಪ್ರಾಣ ಹೋದರೂ ಇಷ್ಟು ದುಃಖವಾಗುತ್ತಿರಲಿಲ್ಲ. ನಾನು ಚೀಲವನ್ನು ಅವನ ಕೈಯಿಂದ ಕಿತ್ತುಕೊಂಡೆ.

“ಇವತ್ತಿನ ಆಟ ಮುಗಿಯೋದರೊಳಗೆ ಗೂಬೆ ಯಾರು ಅಂತ ಹೇಳ್ತೀನಿ. ಹೇಳದಿದ್ರೆ ನೀನು ಮೇಜು ಮಡಚು. ಡಾಕ್ಟ್ರೇ, ಆ ಅಧ್ಯಾಯ ಓದಿ. ಗಟ್ಟಿಯಾಗಿ, ಒಂದು ಅಕ್ಷರ ಬಿಡದೆ.”

ಡಾಕ್ಟ್ರು ಕನ್ನಡಕ ಏರಿಸಿ ಓದಿದರು. ಓದಿದ ಹಾಗೆ ಅವರ ಸಿಟ್ಟು ಎಲ್ಲಿ ಹೋಯಿತೋ, ರಾಕ್ಷಸಿಯ ದನಿ ತೆಗೆಯತೊಡಗಿದರು. ನಮ್ಮ ಮಾತುಗಳೇ, ಆದರೆ ಎಷ್ಟು ಚಂದ! ಮಂತ್ರವಾದಿ ಮೂರನೇ ಸಲ ಬಡಿಸಿಕೊಳ್ಳುವಲ್ಲಿ ಮಾವ ಹೆಮ್ಮೆಯಿಂದ ಮೀಸೆ ಸವರಿಕೊಂಡರು.

“‘ರಾಕ್ಷಸಿ ಒಂದು ಕೈಯಲ್ಲಿ ಹಂಡೆ ಹಿಡಿದು, ಇನ್ನೊಂದು ಕೈಯಲ್ಲಿ ಸೌಟು ತಿರುಗಿಸಿ...’”

“ನಿಲ್ಲಿಸಿ,” ಎಂದೆ. “ಕೈ ಎಷ್ಟು?”

“ಎರಡು. ಯಾಕೆ?”

“ಮರೆತುಬಿಟ್ರಾ? ಇವನು ಆ ದಿನ ಹೇಗೆ ಆಡಿ ತೋರಿಸಿದ್ದ?”

ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಮೈದುನ ಎಡಗೈಯನ್ನು ಬೆನ್ನ ಹಿಂದೆ ಮಡಚಿಕೊಂಡು, ಬಲಗೈ ಒಂದರಲ್ಲೇ ಹಂಡೆಯನ್ನೂ ಸೌಟನ್ನೂ ಸಂಭಾಳಿಸುತ್ತ ಕೋಣೆಯೆಲ್ಲ ಕುಣಿದಿದ್ದ. ನಮ್ಮ ರಾಕ್ಷಸಿಗೆ ಒಂದೇ ಕೈ. ಅದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಬರೀ ಮಾಡಿ ತೋರಿಸಿದ್ದ. ನಮಗೆ ನಗು ತಡೆಯಲಾಗದೇ ಹೋದದ್ದೇ ಅದನ್ನು ನೋಡಿ.

“ಹೌದಲ್ವಾ! ಒಂದೇ ಕೈ!” ಎಂದರು ಡಾಕ್ಟ್ರು. “ಇದನ್ನ ನಾನು ಹೇಗೆ ಗಮನಿಸಲಿಲ್ಲ?”

“ಸಿಟ್ಟಲ್ಲಿ ಓದಿದ್ರೆ ಹಾಗೇ. ಮುಂದೆ ಓದಿ.”

“‘ಹೋಟೆಲಿನ ನೆಲದಡಿಯಲ್ಲಿ ಯಾವುದೋ ಜೀವಿ ಚಕ್ರ ತಿರುಗಿಸುತ್ತಿತ್ತು. ಗಡಗಡಗಡ ಎಂದು ಓಡುವುದು, ನಿಲ್ಲುವುದು, ಮತ್ತೆ ಓಡುವುದು. ನಿಂತಾಗಲೆಲ್ಲ ರಾಕ್ಷಸಿ ಬಗ್ಗಿ ಅದನ್ನು ರಮಿಸುವಳು: ಓಡು ನನ್ನಪ್ಪಾ, ಓಡು. ಓಡಿದ್ರೆ ಎಣ್ಣೆ ಹಾಕ್ತೀನಿ.’ ಇದು ನಮ್ಮ ಆಟದಲ್ಲಿ ಇರಲಿಲ್ಲ ಬಿಡಿ. ಅಲ್ಲ, ಪ್ರಾಣಿಗೆ ಯಾರಾದ್ರೂ ಎಣ್ಣೆ ಹಾಕ್ತಾರಾ?”

ಮೈದುನನ ಮುಖ ಬಿಳುಚಿತು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಳು. ಮುಂದಿನ ಕೋಣೆಯಲ್ಲಿ ಮಷೀನು ತುಳಿಯುವವಳು ಅವಳೇ. ನಮ್ಮ ಆಟವೆಂದರೆ ಅವಳಿಗೆ ಅಷ್ಟಕ್ಕಷ್ಟೇ.

“ಏನ್ರೀ ಇದು ಕಿರುಚಾಟ! ಹೊರಗೆ ಗಿರಾಕಿ ಬಂದ್ರೆ ಒಳಗೆ ಯಾರೋ ಸಾಯ್ತಿದ್ದಾರೆ ಅಂದ್ಕೋತಾರೆ. ಅದಿರಲಿ, ಬಾಗಿಲ ಹತ್ರ ಬಂದಾಗ ಕೇಳಿಸ್ತು, ನನ್ನ ಮಾತು ಆ ಪುಸ್ತಕದಲ್ಲಿ ಏನ್ ಮಾಡ್ತಿದೆ?”

“ನಿಮ್ಮ ಮಾತಾ?”

“ಮತ್ತೆ ಯಾರದ್ದು? ನಮ್ಮ ಹಳೇ ಮಷೀನು ನಿಂತಾಗ ನಾನು ಅದಕ್ಕೆ ಹೇಳೋದು ಅದೇ. ಎಣ್ಣೆ ಹಾಕ್ತೀನಿ ಅನ್ನದಿದ್ರೆ ಅದು ಓಡಲ್ಲ.”

ಡಾಕ್ಟ್ರು ಪುಸ್ತಕ ಮುಚ್ಚಿ ಕೈಕಟ್ಟಿದರು. “ಈಗೇನಂತೀರಿ ಮಾಸ್ಟ್ರೇ? ಮನೆಯವರ ಮಾತೂ ಸೇರಿ ಹೋಗಿದೆ.”

“ಇವನ ಮೇಲಿನ ಅನುಮಾನ ತೊಳೆದುಹೋಗಿದ್ದೇ ಈಗ,” ಎಂದೆ. ನನಗೆ ಆಗಲೇ ಮೈಯೆಲ್ಲ ಹುರುಪು. “ನೋಡಿ ಡಾಕ್ಟ್ರೇ. ಒಂಟಿಕೈ ರಾಕ್ಷಸಿಯನ್ನ ಹುಟ್ಟಿಸಿದೋನೇ ಇವನು. ಇವನು ಹೇಳಿದ್ರೆ ಒಂದೇ ಕೈ ಅಂತ ಹೇಳ್ತಿದ್ದ. ನೀವು ಹೇಳಿದ್ರೂ ಅಷ್ಟೇ, ಮಾವ ಹೇಳಿದ್ರೂ ಅಷ್ಟೇ, ನಾನಾದ್ರೂ ಅಷ್ಟೇ. ನಾವೆಲ್ಲ ನೋಡಿದ್ದೀವಿ. ಪುಸ್ತಕದಲ್ಲಿ ಕೇಳಿದ್ದೆಲ್ಲ ಇದೆ, ಕಂಡದ್ದು ಒಂದೂ ಇಲ್ಲ. ಗೂಬೆ ನಮ್ಮ ಆಟ ನೋಡಿಲ್ಲ. ಬರೀ ಕೇಳಿದ್ದಾರೆ.”

“ಅಂದ್ರೆ ಇವಳು!” ಮಾವ ಸೊಸೆಯ ಕಡೆ ಬೆರಳು ತೋರಿಸಿದರು.

“ನಾನಾ? ಮಷೀನ್ ಸದ್ದಲ್ಲಿ ನಿಮ್ಮ ಬಡಬಡಿಕೆ ನನಗೆಲ್ಲಿ ಕೇಳುತ್ತೆ ಮಾವ? ಕೇಳಿದ್ದಿದ್ರೆ ಯಾವತ್ತೋ ತವರಿಗೆ ಹೋಗ್ತಿದ್ದೆ.”

ಅವಳ ಮಾತು ನಿಜ. ಬಾಗಿಲು ಹಾಕಿದರೆ ನಮಗೆ ಅವಳ ಗೊಣಗಾಟ ಕೇಳುವುದಿಲ್ಲ, ಅವಳಿಗೆ ನಮ್ಮ ಗಲಾಟೆ ಗಲಾಟೆಯಾಗಿ ಕೇಳುತ್ತದೆಯೇ ಹೊರತು ಮಾತಾಗಿ ಅಲ್ಲ. ಹಾಗಾದರೆ ಎರಡೂ ಒಟ್ಟಿಗೆ ಕೇಳುವ ಜಾಗ ಯಾವುದು? ನಮ್ಮ ರಾಕ್ಷಸಿಯ ಮಾತೂ ಅವಳ ಮಷೀನಿನ ಮಾತೂ ಕಲೆತು ಒಂದಾಗುವ ಜಾಗ?

ನಾನು ಎದ್ದು ಹೊರಗೆ ಹೋದೆ. ಎರಡು ಕೋಣೆಗಳ ನಡುವೆ ಟ್ರಯಲ್ ರೂಮು. ಮುಂದೊಂದು ಪರದೆ, ಒಂದು ಕನ್ನಡಿ, ಒಂದು ಸ್ಟೂಲು. ಹಿಂದಿನ ಗೋಡೆ ಬರೀ ಪ್ಲೈವುಡ್ಡು. ಒಳಗೆ ನಿಂತು ಕಿವಿಯಾನಿಸಿದೆ. ಆಚೆ ಮಾವ ಡಾಕ್ಟ್ರಿಗೆ, “ಹೋಗಲಿ ಬಿಡಿ, ಹೊಟ್ಟೆಗೆ ಹಾಕ್ಕೊಳ್ಳಿ,” ಎನ್ನುವುದು ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿತ್ತು. ಈಚೆ ಪರದೆಯ ಬದಿಯಿಂದ, ಅಷ್ಟರಲ್ಲಿ ಓರಗಿತ್ತಿ ಮತ್ತೆ ತುಳಿಯತೊಡಗಿದ್ದ ಮಷೀನಿನ ಗಡಗಡ. ಗೋಡೆಗೂ ಕಿವಿ ಇರುತ್ತೆ ಅನ್ನುತ್ತಾರಲ್ಲ, ಈ ಗೋಡೆಗೆ ಕೂರಲು ಸ್ಟೂಲೂ ಇತ್ತು.

ಸ್ಟೂಲಿನ ಮೇಲೆ ಒಂದು ದಿಂಬು. ಹೂವಿನ ಅಂಚಿನ, ಮೆತ್ತನೆಯ, ಕೂತು ಕೂತು ನಡುವೆ ತಗ್ಗಾದ ದಿಂಬು.

“ಇದು ಯಾರದ್ದೇ?” ಎಂದು ಓರಗಿತ್ತಿಯನ್ನು ಕರೆದು ಕೇಳಿದೆ.

“ಅದಾ ಅಕ್ಕಾ? ಕೋಟಮ್ಮಂದು. ಮಂಡಿ ನೋವಂತೆ. ನಿಂತ್ಕೊಂಡು ಕೋಟು ಹಾಕ್ಕೊಳ್ಳೋಕಾಗಲ್ಲ ಅಂತ ತಂದಿಟ್ಟಿದ್ದಾರೆ.”

“ಕೋಟು ಕೂತ್ಕೊಂಡು ಹಾಕ್ಕೋತಾರಾ?”

ಅವಳು ದಿಂಬನ್ನೊಮ್ಮೆ, ಗೂಟದಲ್ಲಿದ್ದ ಕೋಟನ್ನೊಮ್ಮೆ ನೋಡಿದಳು.

“ಯಾರು ಈ ಕೋಟಮ್ಮ?”

“ಹೆಸರು ಗೊತ್ತಿಲ್ಲ, ನಾನೇ ಇಟ್ಟಿದ್ದು. ಪ್ರತಿ ಭಾನುವಾರ ಬರ್ತಾರೆ. ಒಂದು ವಾರ ಕೋಟು ಬಿಗಿ ಅಂತಾರೆ, ಬಿಚ್ಚಿ ಸಡಿಲ ಮಾಡ್ತೀನಿ. ಮುಂದಿನ ವಾರ ಸಡಿಲ ಅಂತಾರೆ, ಬಿಗಿ ಮಾಡ್ತೀನಿ. ಒಂದ್ಸಲವೂ ಬೇಜಾರು ಮಾಡ್ಕೊಂಡಿಲ್ಲ ಪುಣ್ಯಾತ್ಗಿತ್ತಿ. ಒಳಗೆ ಹೋದ್ರೆ ಬೇಗ ಹೊರಗೆ ಬರಲ್ಲ, ಅಷ್ಟೇ. ಇವತ್ತೂ ಬರೋ ಹೊತ್ತಾಯ್ತು.”

ಇಸ್ತ್ರಿಯಾಗಿ ಗೂಟದಲ್ಲಿ ನೇತಾಡುತ್ತಿದ್ದ ಆ ಬೂದು ಬಣ್ಣದ ಕೋಟನ್ನು ಬೆಳಕಿಗೆ ಹಿಡಿದು ನೋಡಿದೆ. ಪಕ್ಕದ ಹೊಲಿಗೆಯ ಎರಡೂ ಬದಿ ಹಳೇ ಸೂಜಿಯ ತೂತುಗಳು ಸಾಲುಸಾಲಾಗಿ ನಿಂತಿದ್ದವು. ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಬಟ್ಟೆ ಜರಡಿಯಾಗಿತ್ತು. ಮನುಷ್ಯರು ಹೀಗೆ ವಾರ ಬಿಟ್ಟು ವಾರ ಊದಿ ಇಳಿಯುವುದಿಲ್ಲ. ನನ್ನ ಕೌಂಟರಿಗೆ ಈ ಕೋಟು ಬಂದಿದ್ದರೆ ಒಂದೇ ನೋಟಕ್ಕೆ ಹೇಳುತ್ತಿದ್ದೆ: ಇದರ ಒಡತಿಗೆ ಬೇಕಿರುವುದು ಕೋಟಲ್ಲ, ಅಂಗಡಿ.

ಹಿಂದಿನ ಕೋಣೆಗೆ ಓಡಿ ದಾಳದ ಚೀಲ ಮೈದುನನ ಕೈಗಿಟ್ಟೆ.

“ಆಟ ಶುರು ಮಾಡು. ನಾನಿಲ್ಲ ಅಂತ ನಿಲ್ಲಿಸ್ಬೇಡ. ಇವತ್ತು ನಿನ್ನ ಕಥೆ ಎಷ್ಟು ಚೆನ್ನಾಗಿರ್ಬೇಕು ಅಂದ್ರೆ, ಕೇಳಿದೋರು ಎದ್ದುಹೋಗೋ ಹಾಗಿರಬಾರದು.”

ಅವನ ಮುಖದಲ್ಲಿ ಇಷ್ಟು ಹೊತ್ತೂ ಕಾಣದಿದ್ದ ನಗು ಕಂಡಿತು. “ಹಾಗಾದ್ರೆ ಇವತ್ತು ಕೋಟೆಯ ಒಳಗೇ ಹೋಗೋಣ ಅತ್ತಿಗೆ. ಹೊಗೆಯ ಗುಟ್ಟು ಹೇಳ್ತೀನಿ. ಏಳು ಸಂಪುಟದಲ್ಲೂ ಗೂಬೆ ಹೇಳಿಲ್ಲ, ಅದಕ್ಕೆ ನಾನೇ ಕಟ್ಟಿದ್ದೀನಿ.”

ಡಾಕ್ಟ್ರು ಮುನಿಸು ಮರೆತು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ನಾನು ಟ್ರಯಲ್ ರೂಮಿಗೆ ಹೋಗಿ ಪರದೆ ಎಳೆದು, ದಿಂಬಿನ ಮೇಲೆ ಕೂತೆ. ನಿಜಕ್ಕೂ ಸುಖವಾದ ದಿಂಬು.

ಸ್ವಲ್ಪ ಹೊತ್ತಿಗೆ ಹೊರಗೆ ಮೆಲುದನಿ ಕೇಳಿಸಿತು. “ಕೋಟು ಆಗಿದೆಯೇನಮ್ಮಾ? ಹಾಕಿ ನೋಡ್ಲಾ?” ಪರದೆ ಸರಿಯಿತು. ನೆರೆಗೂದಲಿನ, ಕುಳ್ಳಗಿನ ಹೆಂಗಸು ಕೋಟು ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

“ಅಯ್ಯೋ, ಯಾರೋ ಇದ್ದೀರಿ. ಆಮೇಲೆ ಬರ್ತೀನಿ.”

“ಬನ್ನಿ ಬನ್ನಿ, ನಿಮ್ಮ ಜಾಗವೇ ಇದು. ಕೂತ್ಕೊಳ್ಳಿ,” ಎಂದು ಎದ್ದು ಪರದೆ ಎಳೆದೆ. “ಸದ್ದು ಮಾಡ್ಬೇಡಿ, ಕೋಟೆ ಬಾಗಿಲು ಒಡೀತಿದ್ದಾರೆ.”

ಪ್ಲೈವುಡ್ಡಿನ ಆಚೆ ಡಾಕ್ಟ್ರು ಕೊಡಲಿ ಬೀಸುತ್ತ ಅರಚುತ್ತಿದ್ದರು. ಕೋಟಮ್ಮನ ಕಿವಿ ತಾನಾಗಿ ಆ ಕಡೆ ಹೋಯಿತು. ಆಮೇಲೆ ನಾನು ನೋಡುತ್ತಿರುವುದು ನೆನಪಾಗಿ ಮುಖ ಸರಿಮಾಡಿಕೊಂಡರು.

“ನೀವೇನು ಹೇಳ್ತಿದ್ದೀರೋ ಅರ್ಥ ಆಗ್ತಿಲ್ಲ. ನಾನು ಕೋಟು ನೋಡೋಕೆ ಬಂದೋಳು.”

“ಪಾಪ ಆ ಕೋಟು. ಇನ್ನೊಂದ್ಸಲ ಬಿಚ್ಚಿದ್ರೆ ಕೈಗೆ ಬರುತ್ತೆ.”

“ನನ್ನ ಮೈ ಒಂದೇ ಥರ ಇರಲ್ಲಮ್ಮ...”

“ಇರಲಿ, ಅದು ಬಿಡಿ. ‘ಹೊಗೆಕೋಟೆ’ ಓದಿದ್ದೀರಲ್ವಾ? ಹೊಸ ಸಂಪುಟದಲ್ಲಿ ಸೇತುವೆ ಮೇಲೊಂದು ಹೋಟೆಲಿದೆ. ಅದರ ರಾಕ್ಷಸಿಗೆ ಕೈ ಎಷ್ಟು?”

“ಎರಡು,” ಎಂದರು ಎಚ್ಚರಿಕೆಯಿಂದ.

“ಗೂಬೆಗೆ ಗೊತ್ತಾಗಲಿಲ್ಲ ನೋಡಿ. ನಮ್ಮ ಮೈದುನ ಆಡಿ ತೋರಿಸಿದ್ದು ಒಂಟಿಕೈ ರಾಕ್ಷಸಿ. ಒಂದು ಕೈ ಬೆನ್ನ ಹಿಂದೆ. ಉಳಿದ ಒಂದೇ ಕೈಲಿ ಹಂಡೆ, ಸೌಟು, ತಟ್ಟೆ ಎಲ್ಲಾ. ತಟ್ಟೆ ತಲೆ ಮೇಲಿಟ್ಕೊಂಡು ಬಡಿಸ್ತಾಳೆ.”

ಕೋಟಮ್ಮನ ಬಾಯಿ ತೆರೆಯಿತು. ಕೋಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

“ಒಂದೇ ಕೈಯಾ?” ಎಂದರು. “ತಟ್ಟೆ ತಲೆ ಮೇಲಾ? ಅಯ್ಯೋ ದೇವರೇ! ಅದಕ್ಕೇ ಅಷ್ಟು ನಕ್ಕಿದ್ದು ನೀವೆಲ್ಲ! ನಾನು ಇಲ್ಲಿ ಕೂತು ಯಾಕೆ ನಗ್ತಿದ್ದಾರೆ, ಯಾಕೆ ನಗ್ತಿದ್ದಾರೆ ಅಂತ ತಲೆ ಕೆಡಿಸ್ಕೊಂಡೆ. ಛೆ, ಛೆ, ಛೆ. ಎಷ್ಟು ಚೆನ್ನಾಗಿರ್ತಿತ್ತು! ಅಚ್ಚಾಗಿ ಹೋಯ್ತಲ್ಲ!”

ಹೇಳಿದ ಮೇಲೆ ತಾನು ಏನು ಹೇಳಿದೆ ಅನ್ನುವುದು ಅವರಿಗೆ ತಿಳಿಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ನಾನೂ ಬಾಯಿ ಮುಚ್ಚಿಕೊಂಡೆ, ಕಿರುಚಿಬಿಡುತ್ತೇನೆಂಬ ಭಯಕ್ಕೆ. ಎಷ್ಟೋ ಕಳ್ಳರನ್ನು ಹಿಡಿದಿದ್ದೇನೆ, ಒಬ್ಬರನ್ನೂ ಹಿಡಿದ ಕೂಡಲೇ ತಬ್ಬಿಕೊಳ್ಳಬೇಕು ಅನ್ನಿಸಿರಲಿಲ್ಲ. ಯಾರೋ ಬಿಟ್ಟುಹೋದ ಚೀಲದಲ್ಲಿ ಸಿಕ್ಕಿದ ಮೊದಲ ಸಂಪುಟವನ್ನು ಓದಿದವಳು ನಾನು. ಅದರ ಯಜಮಾನ ಬೇಗ ಬರದಿರಲಿ ಎಂದು ಹರಕೆ ಹೊರುವುದೊಂದು ಬಾಕಿ. ಆ ಗೂಬೆ ಈಗ ನನ್ನೆದುರು, ಹೂವಿನ ದಿಂಬಿನ ಮೇಲೆ, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಮುದುಡಿ ಕೂತಿತ್ತು.

“ಬೈಯಿರಿ ನನ್ನನ್ನ,” ಎಂದರು. “ಕೋಟಿಗೆ ಅಂತಲೇ ಬಂದಿದ್ದೆ ಮೊದಲನೇ ಸಲ. ಗೋಡೆಯಾಚೆ ಯಾರೋ ನನ್ನ ಕೋಟೆಗೆ ನುಗ್ಗಿದ್ದಾರೆ! ಮಂತ್ರವಾದಿ ಊಟ ಕೇಳ್ತಿದ್ದಾನೆ! ನಾನು ಆರು ಸಂಪುಟ ಬರೆದೆ ಕಣಮ್ಮ, ಯುದ್ಧ ಮಾಡಿಸಿದೆ, ರಾಜರನ್ನ ಸಾಯಿಸಿದೆ, ಒಬ್ಬರಿಗೂ ಒಂದು ತುತ್ತು ಹಾಕಿರಲಿಲ್ಲ. ಆ ಯಜಮಾನ್ರು ಕೇಳಿದ ಮೇಲೇ ನನಗೆ ಹೊಳೆದಿದ್ದು. ಮನೆಗೆ ಹೋಗಿ ಅವತ್ತು ಬರೆದ ಹಾಗೆ ಯಾವತ್ತೂ ಬರೆದಿಲ್ಲ.”

“ಒಳಗೆ ಬಂದು ಕೇಳಬಹುದಿತ್ತಲ್ಲ?”

“ಬಂದ್ರೆ ನೀವು ಸುಮ್ಮನಾಗ್ತಿದ್ರಿ. ದೊಡ್ಡೋರು ಬಂದ್ರು ಅಂತ ಎದ್ದು ನಿಲ್ತಿದ್ರಿ. ನನಗೆ ಬೇಕಿದ್ದದ್ದು ಆ ನಗು.”

ಹೊರಗೆ ಮಷೀನು ನಿಂತಿತು. ಪರದೆಯ ಅಡಿಯಲ್ಲಿ ನನ್ನ ಓರಗಿತ್ತಿಯ ಪಾದಗಳು ಕಾಣಿಸಿದವು. ಕಿವಿ ಇಡುವ ರೋಗ ಅಂಟುವಂಥದ್ದು.

“ಶಿಕ್ಷೆ ಇದೆ,” ಎಂದೆ. “ಈ ಕದಿಯೋ ಕೆಲಸಕ್ಕೆ ನಮ್ಮ ಮೈದುನ ಕಳ್ಳ ಅನ್ನಿಸ್ಕೊಂಡಿದ್ದಾನೆ. ಈಗಲೇ ಒಳಗೆ ಬಂದು ನಿಮ್ಮ ಬಾಯಲ್ಲೇ ಹೇಳ್ಬೇಕು. ಆಮೇಲೆ ಪ್ರತಿ ಭಾನುವಾರ ಮೇಜಿಗೆ ಬರ್ಬೇಕು. ಗುಂಡಿ ನಾನು ಕೊಡ್ತೀನಿ. ಮತ್ತೆ ನನ್ನ ಕಳ್ಳಿಯನ್ನ ಯಾವ ಸಂಪುಟದಲ್ಲೂ ಸಾಯಿಸೋ ಹಾಗಿಲ್ಲ.”

ಅವರ ಕಣ್ಣು ತುಂಬಿಕೊಂಡಿತು, ನಗುತ್ತಲೇ. “ನನಗೆ ಆಡೋಕೆ ಬರಲ್ಲ.”

“ಯಾರಿಗೆ ಬರುತ್ತೆ? ಬನ್ನಿ.”

ನಾನು ಅವರ ಕೈ ಹಿಡಿದು ಎಬ್ಬಿಸಿದೆ. ಬೆರಳುಗಳು ಬಿರುಸಾಗಿ, ಮಡಚಲು ಕಷ್ಟಪಡುತ್ತಿದ್ದವು. ಪರದೆಗೆ ಕೈ ಹಾಕುವಷ್ಟರಲ್ಲಿ ಆಚೆ ಮೈದುನ ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದನೆಂದರೆ ದೊಡ್ಡದೇನೋ ಬರುತ್ತಿದೆಯೆಂದೇ ಅರ್ಥ. ಇಬ್ಬರೂ ನಿಂತೆವು.

“ನೀವು ಕೋಟೆಯ ಒಳಗೆ ಬಂದಿದ್ದೀರಿ. ಒಲೆ ಇಲ್ಲ, ಬೆಂಕಿ ಇಲ್ಲ, ಬೂದಿ ಕೂಡ ಇಲ್ಲ. ಹಾಗಾದ್ರೆ ಹೊಗೆ ಎಲ್ಲಿಂದ? ಮಂತ್ರವಾದಿ, ಗೋಡೆಗೆ ಕೈ ಇಟ್ಟು ನೋಡಿ.”

“ಇಟ್ಟೆ,” ಎಂದರು ಮಾವ.

“ಬೆಚ್ಚಗಿದೆ. ಕೈ ಕೆಳಗೆ ಗೋಡೆ ನಿಧಾನಕ್ಕೆ ಏರುತ್ತೆ, ಇಳಿಯುತ್ತೆ. ಅದು ಹೊಗೆ ಅಲ್ಲ ಸ್ವಾಮಿ. ಉಸಿರು.”

ಕೋಟಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. ಅವರ ಮುಖದ ನಗು ಇಳಿದುಹೋಗಿತ್ತು. ತುಟಿಗಳು ಸದ್ದಿಲ್ಲದೆ ಅಲುಗಿದವು, ಆಮೇಲೆ ಪಿಸುದನಿಯಲ್ಲಿ ಮಾತು ಹೊರಬಂತು:

“ಕೋಟೆ ಮಗ್ಗುಲು ಬದಲಾಯಿಸಿತು.”

ಆಚೆಯಿಂದ ಮೈದುನನ ದನಿ ಬಂತು:

“ಕೋಟೆ ಮಗ್ಗುಲು ಬದಲಾಯಿಸ್ತು.”

ಡಾಕ್ಟ್ರು ಖುಷಿಗೆ ಕೂಗಿಕೊಂಡರು. ಮಾವ ಮೇಜು ಬಡಿದು ಬಡಿದು ಚಪ್ಪಾಳೆ ತಟ್ಟಿದರು. ಇದಕ್ಕಿಂತ ಒಳ್ಳೆಯ ಗುಟ್ಟು ಆ ಕೋಟೆಗೆ ಇರಲಾರದು.

“ಅದು ನನ್ನದು,” ಎಂದರು ಕೋಟಮ್ಮ. “ಎಂಟನೇ ಸಂಪುಟದ ಕೊನೇ ಮಾತು. ಇಡೀ ಸರಣಿಯ ಕೊನೇ ಮಾತು. ಅವರ ಬಾಯಿಗೆ ಹೇಗೆ ಬಂತು?”

“ಬರೆದಿಟ್ಟದ್ದನ್ನ ಯಾರಾದ್ರೂ ನೋಡಿರಬಹುದು.”

“ಬರೆದೇ ಇಲ್ಲಮ್ಮ. ಈ ಬೆರಳಲ್ಲಿ ಈಗ ಬರೆಯೋಕಾಗ್ತಿಲ್ಲ. ತಲೆಯಲ್ಲಿ ಕಟ್ಟಿಟ್ಕೊಂಡಿದ್ದೀನಿ, ಅಷ್ಟೇ.”

“ಯಾರಿಗೂ ಹೇಳಿಲ್ವಾ?”

ಅವರು ಯೋಚಿಸಿದರು. “ಒಬ್ಬರಿಗೆ. ಆಸ್ಪತ್ರೆಯಲ್ಲಿ ನನ್ನ ಬೆರಳಿಗೆ ವ್ಯಾಯಾಮ ಮಾಡಿಸೋರಿಗೆ. ನೋವು ಮರೆಯೋದಕ್ಕೆ ಕಥೆ ಹೇಳ್ತಾ ಇದ್ದೆ. ತುಂಬಾ ಒಳ್ಳೇವರು. ಎತ್ತರದ ಆಳು, ಎಡಗಿವಿಯ ಹತ್ತಿರ ಒಂದು ಮಚ್ಚೆ. ತಾವಾಗಿ ಒಂದು ಮಾತಾಡಲ್ಲ. ಬರೀ ‘ಹ್ಞೂಂ, ಆಮೇಲೆ?’ ಅಂತಾರೆ. ಅವರು ಯಾರಿಗೂ ಹೇಳೋ ಪೈಕಿ ಅಲ್ಲ.”

ನನ್ನ ಹಿಂದಿನ ಕಥೆಗಳನ್ನು ಓದಿದವರಿಗೆ ಆ ಮಚ್ಚೆ ಯಾರದ್ದೆಂದು ಗೊತ್ತು. ಹೊಸಬರಿಗೆ ಹೇಳುತ್ತೇನೆ: ನನ್ನ ಗಂಡನದ್ದು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವುದೇ ಅವರ ಕೆಲಸ. ಗುಂಡಿ ಇಟ್ಟುಕೊಂಡು ಆಡುವ ನಮ್ಮನ್ನು ಕಂಡರೆ ಮೂಗು ಮುರಿಯುವ ಮನುಷ್ಯ. ಒಂದು ಪ್ಯಾಂಟಿನ ಸೊಂಟ ಬಿಗಿಯಾಯಿತೆಂದು ತಮ್ಮನೊಡನೆ ಜಗಳವಾಡಿ ಮಾತು ಬಿಟ್ಟು, ಇವತ್ತಿಗೂ ಈ ಅಂಗಡಿಯ ಮೆಟ್ಟಿಲು ಹತ್ತದವರು. ಮನೆಯಲ್ಲಿ ತಮ್ಮನ ಹೆಸರೆತ್ತಿದರೆ ತಟ್ಟೆ ಬಿಟ್ಟು ಎದ್ದುಹೋಗುತ್ತಾರೆ. ನನ್ನ ಮಾತಿಗೆ ಒಂದು ದಿನವೂ ‘ಹ್ಞೂಂ, ಆಮೇಲೆ?’ ಅಂದವರಲ್ಲ.

ಅಣ್ಣ ತಮ್ಮ ನನ್ನ ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಿದ್ದಾರೆಯೇ? ಹಾಗಿದ್ದರೆ ನಾನು ಕುಣಿಯಬೇಕು. ಮೈದುನ “ನಾನೇ ಕಟ್ಟಿದ್ದೀನಿ” ಎಂದು ನನ್ನ ಮುಖ ನೋಡಿ ಸುಳ್ಳು ಹೇಳಿದನೇ? ಹಾಗಿದ್ದರೆ ಈಗಷ್ಟೇ ತೊಳೆದ ಅವನ ಹೆಸರನ್ನು ನಾನೇ ಮತ್ತೆ ಕೆಸರಿಗೆ ಹಾಕಬೇಕು, ಮೇಜು ಮಡಚಬೇಕು.

ಪರದೆಯ ಅಡಿಯಲ್ಲಿದ್ದ ಓರಗಿತ್ತಿಯ ಪಾದಗಳು ಸದ್ದಿಲ್ಲದೆ ಹಿಂದೆ ಸರಿದವು.

“ಯಾಕಮ್ಮ, ಏನಾಯ್ತು?” ಕೋಟಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. “ಅವರು ನಿಮಗೆ ಗೊತ್ತಾ?”

“ಇಲ್ಲ,” ಎಂದುಬಿಟ್ಟೆ.